ಎಂಟೂವರೆಯ ಹೊಟ್ಟೆನೋವು

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಶುರುವಾಗಿ ಹನ್ನೊಂದರ ಹೊತ್ತಿಗೆ ಮಾಯವಾಗುವ ಹೊಟ್ಟೆನೋವು ಮಕ್ಕಳಿರುವ ಮನೆಗಳಿಗೆ ಹೊಸದಲ್ಲ. ಭಾನುವಾರ ಅದರ ಸುಳಿವಿರುವುದಿಲ್ಲ. ದಸರಾ ರಜೆ ಮುಗಿದ ಮರುದಿನ ಬರುತ್ತದೆ. ಅರಕಲಗೂಡು ಸೀಮೆಯ ರಾಮನಾಥಪುರದ ಕಡೆಯಾದರೆ, ಷಷ್ಠಿಯ ತೇರು ಮುಗಿದು ಜಾತ್ರೆಯ ಗುಂಗು ಇಳಿದ ಮೇಲೂ ಬರುತ್ತದೆ. ಇದನ್ನು ನಾಟಕ ಅಂದುಬಿಡುವುದು ಸುಲಭ. ಕೆಲವು ಸಲ ನಾಟಕವೇ ಹೌದು. ಆರ್. ಕೆ. ನಾರಾಯಣರ ಸ್ವಾಮಿಗೂ ಸೋಮವಾರ ಬೆಳಿಗ್ಗೆಯೇ ತಲೆನೋವು ಬಂದಿತ್ತು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ಧಾರಾವಾಹಿ ನೋಡಿದ ಮೇಲಂತೂ ಆ ಹುಡುಗ ನಮ್ಮ ಪಕ್ಕದ ಮನೆಯವನೇ ಆಗಿಬಿಟ್ಟ.

ಆದರೆ ಇವತ್ತು ನಾನು ಮಾತಾಡಬೇಕೆಂದಿರುವುದು ಬೇರೆ ಥರದ ಮಗುವಿನ ಬಗ್ಗೆ. ಚಕ್ಕರ್ ಹೊಡೆಯುವ ಹುಡುಗ ಚೀಲ ಹೆಗಲಿಗೇರಿಸಿಕೊಂಡು ಹೊರಟು, ಶಾಲೆಗೆ ಹೋಗದೆ ತೋಟದಲ್ಲೋ ಹೊಳೆದಂಡೆಯಲ್ಲೋ ಕಾಲ ಕಳೆಯುತ್ತಾನೆ. ಮನೆಯವರಿಗೆ ಗೊತ್ತೇ ಇರುವುದಿಲ್ಲ. ಈ ಮಗು ಹಾಗಲ್ಲ, ಮನೆಯಲ್ಲೇ, ನಮ್ಮ ಕಣ್ಣೆದುರೇ ಇರುತ್ತದೆ. ರಾತ್ರಿ ತಾನೇ ಪುಸ್ತಕ ಜೋಡಿಸುತ್ತದೆ, ‘ನಾಳೆ ಖಂಡಿತ ಹೋಗ್ತೀನಮ್ಮ’ ಅನ್ನುತ್ತದೆ. ಬೆಳಿಗ್ಗೆ ಸಮವಸ್ತ್ರ ಹಾಕಿಕೊಳ್ಳುವ ತನಕ ಎಲ್ಲ ಸರಿ. ಶೂ ಕಟ್ಟುವಾಗ ಕೈ ತಣ್ಣಗಾಗುತ್ತದೆ. ವ್ಯಾನಿನ ಹಾರನ್ ಕೇಳಿದ್ದೇ ಬಚ್ಚಲಿಗೆ ಓಡಿ ವಾಂತಿ ಮಾಡುತ್ತದೆ. ಭಯವಾದಾಗ ದೇಹದಲ್ಲಿ ಅಡ್ರಿನಲಿನ್ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ಹಿಂಡುತ್ತದೆ. ಸ್ಕ್ಯಾನಿಂಗಿನಲ್ಲಿ ಏನೂ ಸಿಗಲಿಲ್ಲ ಎಂದ ಮಾತ್ರಕ್ಕೆ ನೋವು ಸುಳ್ಳಲ್ಲ.

ಅರಕಲಗೂಡು ಸೀಮೆಯಲ್ಲಿ ಮಕ್ಕಳು ಶಾಲೆ ತಪ್ಪಿಸುವುದಕ್ಕೆ ಹಳೆಯ ಕಾರಣಗಳಿವೆ. ಹೊಗೆಸೊಪ್ಪು ಬಿಡಿಸುವ, ಒಣಗಿಸಲು ಬ್ಯಾರನ್‌ಗೆ ಏರಿಸುವ ಕಾಲದಲ್ಲಿ ಮನೆಗೆ ಕೈ ಬೇಕು. ಆ ಗೈರು ಎಲ್ಲರಿಗೂ ಕಾಣುತ್ತದೆ, ಅದನ್ನು ತಡೆಯಲು ಕಾನೂನೂ ಇದೆ. ಭಯದ ಗೈರಿಗೆ ಹಾಗೆ ಗುರುತು ಹಿಡಿಯುವವರಿಲ್ಲ. ಹಾಜರಿ ಪುಸ್ತಕದಲ್ಲಿ ಎರಡಕ್ಕೂ ಒಂದೇ ಅಕ್ಷರ.

ಭಯ ಎಲ್ಲಿಂದ ಬರುತ್ತದೆ? ಊರಿನ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿ, ದೊಡ್ಡ ಹೈಸ್ಕೂಲಿನ ಎಂಟನೇ ತರಗತಿಗೆ ಸೇರಿದಾಗ. ಕನ್ನಡ ಮಾಧ್ಯಮದಿಂದ ತೆಗೆದು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದಾಗ. ಆರನೇ ತರಗತಿಗೇ ವಸತಿ ಶಾಲೆಗೆ ಬಿಟ್ಟು ಬಂದಾಗ. ಸೀಟು ಸಿಕ್ಕಿತೆಂದು ಇಡೀ ಊರಿಗೆ ಸಿಹಿ ಹಂಚಿರುತ್ತೇವೆ, ಹನ್ನೊಂದು ವರ್ಷದ ಮಗು ರಾತ್ರಿ ಯಾರ ಪಕ್ಕ ಮಲಗುತ್ತದೆಂದು ಯೋಚಿಸಿರುವುದಿಲ್ಲ. ಅಪ್ಪನಿಗೆ ಕಾಯಿಲೆಯಾದರೆ, ಮನೆಯಲ್ಲಿ ಸಾವಾದರೆ, ತಾನು ಶಾಲೆಯಲ್ಲಿದ್ದಾಗ ಅಮ್ಮನಿಗೂ ಏನಾದರೂ ಆದೀತೆಂಬ ಹೆದರಿಕೆ ಹುಟ್ಟುತ್ತದೆ. ಇನ್ನು ಕೆಲವು ಕಾರಣಗಳನ್ನು ಮಕ್ಕಳು ನಾಚಿಕೆಯಿಂದ ಹೇಳುವುದೇ ಇಲ್ಲ: ಬೋಗುಣಿ ನೀರೂ ಇಲ್ಲದ ಶೌಚಾಲಯ, ವ್ಯಾನಿನಲ್ಲಿ ದಿನಾ ಕಾಡುವ ದೊಡ್ಡ ಹುಡುಗ, ಗಟ್ಟಿಯಾಗಿ ಓದೆಂದಾಗ ಅಕ್ಷರಗಳು ಕೂಡಿಕೊಳ್ಳದ ತೊಡಕು. ಕೊರೊನಾ ಕಾಲವನ್ನೂ ಮರೆಯುವಂತಿಲ್ಲ. 2020ರ ಮಾರ್ಚಿನಲ್ಲಿ ಮುಚ್ಚಿದ ಬಾಗಿಲು ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಶಾಲೆಯ ಅಂಗಳ ಹೇಗಿರುತ್ತದೆಂದೇ ತಿಳಿಯದೆ ಎರಡನೇ ತರಗತಿಗೆ ಬಂದ ಮಕ್ಕಳಿದ್ದರು.

ಇಲ್ಲಿ ಹೆತ್ತವರು ಸಿಕ್ಕಿಹಾಕಿಕೊಳ್ಳುವ ಒಂದು ಸುಳಿ ಇದೆ. ಮಗು ಅತ್ತಿತು, ಇವತ್ತೊಂದು ದಿನ ಇರಲಿ ಎಂದಿರಿ. ಆ ಕ್ಷಣವೇ ಮಗುವಿನ ಮುಖ ತಿಳಿಯಾಯಿತು, ನಿಮಗೂ ನೆಮ್ಮದಿ. ಆದರೆ ಆ ನೆಮ್ಮದಿಯೇ ಮಗುವಿಗೆ ಪಾಠ ಕಲಿಸುತ್ತದೆ: ತಪ್ಪಿಸಿಕೊಂಡರೆ ಭಯ ಹೋಗುತ್ತದೆ ಎಂದು. ಮರುದಿನ ಭಯ ಇನ್ನಷ್ಟು ಬೆಳೆದಿರುತ್ತದೆ. ಒಂದು ವಾರ ಕಳೆದರೆ ಬಿಟ್ಟ ಪಾಠ, ಗೆಳೆಯರ ‘ಎಲ್ಲಿ ಹೋಗಿದ್ದೆ’ ಎಂಬ ಪ್ರಶ್ನೆ, ಇವೂ ಜೊತೆಗೆ ಸೇರುತ್ತವೆ. ಹಾಗಂತ ‘ನಾಲ್ಕು ಬಿಟ್ಟರೆ ತಾನೇ ಹೋಗ್ತಾನೆ’ ಅನ್ನುವ ಮಾವಂದಿರ ಮಾತು ಕೇಳಬೇಡಿ. ಬೈಕಿನ ಹಿಂದೆ ಎಳೆದು ಕೂರಿಸಿಕೊಂಡು ಹೋದರೆ ಶಾಲೆಯ ಭಯದ ಜೊತೆಗೆ ಅಪ್ಪನ ಭಯವೂ ಸೇರುತ್ತದೆ, ಅಷ್ಟೆ.

ಮಗುವನ್ನು ಮತ್ತೆ ಶಾಲೆಗೆ ಕಳಿಸುವುದನ್ನು ರಾಮನಾಥಪುರದಲ್ಲಿ ಕಾವೇರಿಗೆ ಇಳಿಯುವ ಹಾಗೆ ಮಾಡಬೇಕು. ನೀರಿಗೆ ಹೆದರುವ ಮಗುವನ್ನು ಯಾರೂ ಮೇಲಿನ ಮೆಟ್ಟಿಲಿಂದ ತಳ್ಳುವುದಿಲ್ಲ, ದಡದಲ್ಲೇ ಬಿಟ್ಟು ಮನೆಗೂ ಬರುವುದಿಲ್ಲ. ಕೈ ಹಿಡಿದು ಒಂದೊಂದೇ ಮೆಟ್ಟಿಲು. ಮೊದಲ ಎರಡು ದಿನ ಶಾಲೆ ಬಿಟ್ಟ ಮೇಲೆ ಸಂಜೆ ಗೇಟಿನವರೆಗೆ ನಡೆದು ಬನ್ನಿ. ಆಮೇಲೆ ಬೆಳಿಗ್ಗೆ ಪ್ರಾರ್ಥನೆಗಷ್ಟೆ. ಅದಾದ ಮೇಲೆ ಮಗುವಿಗೆ ಇಷ್ಟವಾದ ಒಂದು ಪಿರಿಯಡ್, ಮತ್ತೆ ಬಿಸಿಯೂಟದ ತನಕ. ಒಂದು ದಿನ ಹಿಂದೆ ಸರಿದರೆ ಬೈಯಬೇಡಿ, ಮರುದಿನ ಅದೇ ಮೆಟ್ಟಿಲಿಂದ ಶುರುಮಾಡಿ. ಮನೆಯಲ್ಲಿ ಉಳಿದ ದಿನ ಮೊಬೈಲು, ಟಿವಿ ಬೇಡ. ಶಿಕ್ಷೆಗೆಂದಲ್ಲ, ಶಾಲೆಯ ವೇಳೆ ಶಾಲೆಯ ವೇಳೆಯ ಹಾಗೇ ಇರಲಿ ಎಂದು. ‘ಯಾಕೆ ಹೆದರ್ತೀಯ’ ಎಂದು ಬೆಳಗಿನ ಗಡಿಬಿಡಿಯಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ, ಮುಖ ನೋಡದೆ ಕೇಳಿ, ಸಿಗಬಹುದು.

ಸುಬ್ರಹ್ಮಣ್ಯನಿಗೆ ಹರಕೆ ಹೊತ್ತುಕೊಳ್ಳುವ ತಾಯಂದಿರಿದ್ದಾರೆ, ದೃಷ್ಟಿ ತೆಗೆಯುವ ಅಜ್ಜಿಯರಿದ್ದಾರೆ. ಅದಕ್ಕೆ ನನ್ನ ತಕರಾರಿಲ್ಲ. ಅಮ್ಮನ ಮನಸ್ಸು ತಣ್ಣಗಾದರೆ ಮಗುವಿನದೂ ಸ್ವಲ್ಪ ತಣ್ಣಗಾಗುತ್ತದೆ. ಹರಕೆ ಹೊತ್ತು ಕೈಕಟ್ಟಿ ಕೂರುವುದಕ್ಕೆ ಮಾತ್ರ ತಕರಾರಿದೆ. ಎರಡು ವಾರವಾದರೂ ಮಗು ಹೊರಡದಿದ್ದರೆ ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ, ಆಮೇಲೆ ಮನೋವೈದ್ಯರಿಗೆ. ಮನೋವೈದ್ಯರೆಂದರೆ ‘ಹುಚ್ಚಿನ ಡಾಕ್ಟ್ರು’, ಊರವರು ಏನಂದಾರು ಎಂಬ ಅಂಜಿಕೆ ನಮ್ಮ ಕಡೆ ಇನ್ನೂ ಹೋಗಿಲ್ಲ. ಅಲ್ಲಿ ಇಂಥ ಮಕ್ಕಳಿಗೆ ಸಾಮಾನ್ಯವಾಗಿ ಮೊದಲು ಕೊಡುವುದು ಮಾತ್ರೆಯನ್ನಲ್ಲ, ಮಾತುಕತೆಯನ್ನು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವಂತೆ ರೂಪಿಸಿದ ಮನೋಚೈತನ್ಯ ಎಂಬ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿದೆ. ನಿಮ್ಮ ತಾಲ್ಲೂಕಿನಲ್ಲಿ ಯಾವಾಗ ಎಂದು ಆಶಾ ಕಾರ್ಯಕರ್ತೆಯನ್ನೇ ಕೇಳಿ. ಆಸ್ಪತ್ರೆಗೆ ಹೋಗುವ ಧೈರ್ಯವಿಲ್ಲದಿದ್ದರೆ 2022ರ ಅಕ್ಟೋಬರಿನಿಂದ ಟೆಲಿ-ಮಾನಸ್ ಇದೆ, ಸಂಖ್ಯೆ 14416. ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಉಳಿದ ಅರ್ಧ ಕೆಲಸ ಶಾಲೆಯದು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನಷ್ಟೇ ನಿಷೇಧಿಸಿಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬಹಳ ದಿನದ ಮೇಲೆ ಬಂದ ಹುಡುಗಿಗೆ ‘ಓಹೋ, ಮಹಾರಾಣಿ ಬಂದ್ರು’ ಎಂದು ತರಗತಿಯೆದುರು ಹೇಳುವುದು ನಮಗೆ ತಮಾಷೆ. ಅವಳು ನಾಳೆ ಬರುವುದಿಲ್ಲ.

ಆದ್ದರಿಂದ ಮೇಷ್ಟ್ರುಗಳಲ್ಲಿ, ಟೀಚರಮ್ಮಂದಿರಲ್ಲಿ ಒಂದು ಕೋರಿಕೆ. ಇವತ್ತು ಹಾಜರಿ ಕೂಗುವಾಗ ಮೂರು ದಿನದಿಂದ ಉತ್ತರ ಬಾರದ ಹೆಸರೊಂದಿದ್ದರೆ, ಮಧ್ಯಾಹ್ನದೊಳಗೆ ಆ ಮನೆಗೆ ಒಂದು ಫೋನ್ ಮಾಡಿ. ಯಾಕೆ ಬರಲಿಲ್ಲ ಎಂದು ಕೇಳುವ ಮೊದಲು, ನಿನ್ನ ಜಾಗ ಹಾಗೇ ಇದೆ ಎಂದು ಮಗುವಿಗೇ ಹೇಳಿ.