‘ಹರ್ಟ್ ಆಯ್ತು’ ಎಂದರೆ ಎಲ್ಲಿ ಪೆಟ್ಟು?

(ಕೆಂಪಾಪುರದ ಓದುಗರ ಕೂಟವೊಂದರಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳು)



ಹೆಬ್ಬಾಳದಿಂದ ಇಲ್ಲಿಗೆ ಬರುವ ಬಸ್ಸಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಫೋನಿನಲ್ಲಿ, ‘ನಂಗೆ ತುಂಬಾ ಹರ್ಟ್ ಆಯ್ತು ಕಣೇ’ ಎನ್ನುತ್ತಿದ್ದಳು. ಪಕ್ಕದ ಅಜ್ಜಿ, ‘ಎಲ್ಲಮ್ಮಾ ಪೆಟ್ಟು ಬಿತ್ತು?’ ಎಂದರು. ಸುತ್ತಲಿನವರು ನಕ್ಕರು.

ಅಜ್ಜಿಯ ಪ್ರಶ್ನೆ ತಪ್ಪಲ್ಲ. ಈ ಪದ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚ್‌ನಿಂದ. ಅಲ್ಲಿ ಅದರ ಅರ್ಥ ಗುದ್ದುವುದು, ಡಿಕ್ಕಿ ಹೊಡೆಯುವುದು. ಮೈಗೆ ಬಿದ್ದ ಪೆಟ್ಟು ಬರಬರುತ್ತ ಮನಸ್ಸಿನದೂ ಆಯಿತು. ನಾವು ಪತ್ರಿಕೆಯವರು ಬರೆಯುವ ‘ಭಾವನೆಗಳಿಗೆ ಧಕ್ಕೆ’ಯಲ್ಲಿನ ಧಕ್ಕೆಯೂ ಮೂಲದಲ್ಲಿ ನೂಕುವುದು, ತಳ್ಳುವುದು ಎಂದೇ. ‘ಕನ್ನಡದಲ್ಲಿ ಪದವಿಲ್ಲವೇ, ಬೇಜಾರಾಯ್ತು ಅನ್ನಬಾರದೇ’ ಎಂದು ಕೋಪಿಸಿಕೊಳ್ಳುವವರಿಗೆ ಒಂದು ಮಾತು: ಬೇಜಾರು ಬಂದದ್ದು ಪಾರಸಿಯಿಂದ! ನಮ್ಮದೇ ಎನ್ನಬಹುದಾದದ್ದು ‘ನೋವು’. ತಮಿಳಿನಲ್ಲಿ ಅದರ ಸೋದರ ಪದ ‘ನೋಯ್’ ಎಂದರೆ ಕಾಯಿಲೆ.

ಇಷ್ಟೇ ಆಗಿದ್ದರೆ ಇದು ಪದಪ್ರಿಯರ ಚರ್ಚೆ. ಅಪರಾಧ ಸುದ್ದಿಗೆಂದು ಓಡಾಡಲು ಆರಂಭಿಸಿದ ಹೊಸತರಲ್ಲಿ, ನಗರದ ಠಾಣೆಯೊಂದರಲ್ಲಿ ಗೃಹಿಣಿಯೊಬ್ಬರನ್ನು ಕಂಡೆ. ‘ಮನೇಲಿ ದಿನಾ ಬಾಯಿಗೆ ಬಂದ ಹಾಗೆ ಅಂತಾರೆ ಸಾರ್, ತುಂಬಾ ಹರ್ಟ್ ಆಗಿದೆ’ ಎಂದರು. ಬರೆದುಕೊಳ್ಳುತ್ತಿದ್ದವರು, ‘ಗಾಯ ಎಲ್ಲಿ, ತೋರಿಸಿ’ ಎಂದರು. ತೋರಿಸಲು ಏನೂ ಇರಲಿಲ್ಲ. ಆಕೆ ಎದ್ದು ಹೋದರು. ಸುದ್ದಿಯಿಲ್ಲ ಎಂದು ನಾನೂ ಪುಸ್ತಕ ಮುಚ್ಚಿದೆ.

ಆಮೇಲೆ ಕಾನೂನು ಪುಸ್ತಕ ತೆರೆದೆ. 1860ರ ಭಾರತೀಯ ದಂಡ ಸಂಹಿತೆಯ 319ನೇ ಕಲಮಿನ ಪ್ರಕಾರ ‘ಹರ್ಟ್’ ಎಂದರೆ ದೇಹದ ನೋವು, ಕಾಯಿಲೆ ಅಥವಾ ಅಶಕ್ತತೆ ಉಂಟುಮಾಡುವುದು. ಮನಸ್ಸಿನ ಮಾತೇ ಇಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 114ನೇ ಕಲಮೂ ಅದನ್ನೇ ಹೇಳುತ್ತದೆ. ಘೋರ ಗಾಯಕ್ಕಂತೂ ದಿನದ ಲೆಕ್ಕವೇ ಇದೆ: ಇಪ್ಪತ್ತು ದಿನ ತೀವ್ರ ನೋವಿದ್ದರೆ ಎಂದು ಹಳೆಯ ಸಂಹಿತೆ ಹೇಳಿತ್ತು, ಹೊಸದು ಅದನ್ನು ಹದಿನೈದಕ್ಕೆ ಇಳಿಸಿದೆ. ವಿಚಿತ್ರವೆಂದರೆ, ಅದೇ ಸಂಹಿತೆಯಲ್ಲಿ ‘ಇಂಜುರಿ’ ಎಂಬ ಪದ ಮಾತ್ರ ದೇಹ, ಮನಸ್ಸು, ಮಾನ, ಆಸ್ತಿ ನಾಲ್ಕನ್ನೂ ಒಳಗೊಳ್ಳುತ್ತದೆ.

ಹಾಗಾದರೆ ಆಕೆಗೆ ದಾರಿಯೇ ಇರಲಿಲ್ಲವೇ? ಇತ್ತು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲೇ ಬಂದಿದೆ. ಅವಮಾನ, ಹೀಯಾಳಿಕೆ, ಗಂಡುಮಗು ಇಲ್ಲವೆಂಬ ಮೂದಲಿಕೆ ಇವೆಲ್ಲವನ್ನೂ ಅದು ಹೆಸರಿಸಿಯೇ ಹಿಂಸೆ ಎಂದು ಕರೆಯುತ್ತದೆ. ಗಾಯದ ಗುರುತು ಬೇಕಿಲ್ಲ. ಸಂರಕ್ಷಣಾಧಿಕಾರಿಯ ಬಳಿಗಾಗಲಿ, ನೇರವಾಗಿ ಮ್ಯಾಜಿಸ್ಟ್ರೇಟರ ಬಳಿಗಾಗಲಿ ಹೋಗಬಹುದು. ಇದನ್ನು ಅಂದು ಆಕೆಗೆ ಯಾರೂ ಹೇಳಲಿಲ್ಲ. ಹೇಳಲು ನನಗೂ ಗೊತ್ತಿರಲಿಲ್ಲ.

ಇಲ್ಲಿ ವ್ಯಾಕರಣದ ಒಂದು ಸಣ್ಣ ಸಂಗತಿಯಿದೆ. ‘ನನಗೆ ಹರ್ಟ್ ಆಯ್ತು’ ಎನ್ನುವಾಗ ಮಾಡಿದವರು ಮಾತಿನಲ್ಲಿ ಬರುವುದೇ ಇಲ್ಲ. ಮಳೆ ಬಂದಂತೆ ಅದು ತಾನಾಗಿ ಆಗುತ್ತದೆ. ‘ನೋಯಿಸಿದರು’ ಎಂದೊಡನೆ ಯಾರು, ಏನೆಂದು, ಯಾವಾಗ ಎಂಬ ಪ್ರಶ್ನೆಗಳು ಏಳುತ್ತವೆ. ಬಸ್ಸಿನ ಆ ಹುಡುಗಿ ಹರ್ಟ್ ಎನ್ನಲಿ, ನನ್ನ ತಕರಾರಿಲ್ಲ. ದೂರು ಬರೆಯುವವರು ಮಾತ್ರ ಆಡಿದ ಮಾತನ್ನೇ, ಆಡಿದವರ ಹೆಸರು, ದಿನ, ಅಲ್ಲಿದ್ದವರ ಹೆಸರು ಸಹಿತ ಬರೆಯಿರಿ.