ಗೆಲುವು ಖಚಿತವಾದಲ್ಲಿ ಮತದಾರ ಸೋಲುತ್ತಾನೆ

(ಸುಬ್ರಹ್ಮಣ್ಯದಲ್ಲಿ ಜರಗಿದ ಮತದಾರರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ದಕ್ಷಿಣ ಕನ್ನಡ ಲೋಕಸಭಾ ಕ್ಷೇತ್ರದ ರಾಜಕೀಯ ಭವಿಷ್ಯದ ಕುರಿತು ಮಾತನಾಡಬೇಕೆಂದು ನನ್ನನ್ನು ಕೇಳಿಕೊಳ್ಳಲಾಗಿದೆ. ಸಾಮಾನ್ಯವಾಗಿ ಇಂತಹ ಚರ್ಚೆಗಳು ಮಂಗಳೂರಿನ ಸಭಾಂಗಣಗಳಲ್ಲಿ ನಡೆಯುತ್ತವೆ. ಉಳ್ಳಾಲದ ಕಡಲ ತೀರದಿಂದ ಕುಮಾರ ಪರ್ವತದ ಬುಡದವರೆಗೆ ಚಾಚಿರುವ ಈ ಕ್ಷೇತ್ರದ ಇನ್ನೊಂದು ತುದಿಯಲ್ಲಿ, ಜಿಲ್ಲಾ ಕೇಂದ್ರದಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ನಾವಿಂದು ಸೇರಿದ್ದೇವೆ. ಇಲ್ಲಿಂದ ನೋಡಿದಾಗ ಚುನಾವಣೆ ಬೇರೆಯೇ ರೀತಿ ಕಾಣಿಸುತ್ತದೆ.

ಮೊದಲು ಇತಿಹಾಸವನ್ನು ನೆನಪಿಸಿಕೊಳ್ಳೋಣ. 2008ರ ಮರುವಿಂಗಡಣೆಗೆ ಮುನ್ನ ಇದು ಕೊಡಗನ್ನೂ ಒಳಗೊಂಡಿದ್ದ ಮಂಗಳೂರು ಕ್ಷೇತ್ರವಾಗಿತ್ತು. 1977ರಿಂದ 1989ರ ತನಕ ನಾಲ್ಕು ಬಾರಿ ಜನಾರ್ದನ ಪೂಜಾರಿಯವರು ಕಾಂಗ್ರೆಸ್‌ನಿಂದ ಗೆದ್ದರು. 1991ರಲ್ಲಿ ಧನಂಜಯ ಕುಮಾರ್ ಬಿಜೆಪಿಯಿಂದ ಗೆದ್ದ ಬಳಿಕ ಈ ಕ್ಷೇತ್ರ ಮತ್ತೆ ಕೈ ಬದಲಾಯಿಸಲಿಲ್ಲ. 2024ರ ಚುನಾವಣೆಯನ್ನೂ ಸೇರಿಸಿದರೆ ಸತತ ಒಂಬತ್ತು ಗೆಲುವುಗಳು. ನಮ್ಮ ಸುಳ್ಯ ಮೀಸಲು ವಿಧಾನಸಭಾ ಕ್ಷೇತ್ರದ ಕತೆಯೂ ಭಿನ್ನವಲ್ಲ. ಅಂಗಾರರು 1994ರಿಂದ 2018ರವರೆಗೆ ಆರು ಬಾರಿ ಗೆದ್ದರು. 2023ರಲ್ಲಿ ಅಭ್ಯರ್ಥಿ ಬದಲಾದರು, ಪಕ್ಷ ಬದಲಾಗಲಿಲ್ಲ.

ಯಾರು ಗೆದ್ದರು ಎಂಬುದಕ್ಕಿಂತ, ಗೆಲುವು ಮೊದಲೇ ನಿಶ್ಚಯವಾಗಿರುವ ಕ್ಷೇತ್ರದಲ್ಲಿ ಮತದಾರನಿಗೆ ಏನಾಗುತ್ತದೆ ಎಂಬುದೇ ನನ್ನ ಪ್ರಶ್ನೆ. ಗೆಲ್ಲುವವರಿಗೆ ಇಲ್ಲಿ ಕೆಲಸ ಮಾಡಬೇಕಾದ ಒತ್ತಡವಿಲ್ಲ. ಸೋಲುವವರಿಗೆ ಇಲ್ಲಿ ಶ್ರಮಿಸುವ ಉತ್ಸಾಹವಿಲ್ಲ. ಒಬ್ಬರು ಮತವನ್ನು ಸ್ವಂತ ಆಸ್ತಿಯೆಂದು ಭಾವಿಸುತ್ತಾರೆ, ಇನ್ನೊಬ್ಬರು ಕೈ ಬಿಟ್ಟ ಸೊತ್ತೆಂದು ತಿಳಿಯುತ್ತಾರೆ.

ಒಂದು ಉದಾಹರಣೆ ಕೊಡುತ್ತೇನೆ. ಗೇಜ್ ಪರಿವರ್ತನೆಗಾಗಿ 1996ರಲ್ಲಿ ನಿಂತ ಮಂಗಳೂರು-ಹಾಸನ ಮಾರ್ಗದಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಕೊನೆಯಲ್ಲಿ. ಅಷ್ಟರಲ್ಲಿ 1998, 1999, 2004ರ ಮೂರು ಚುನಾವಣೆಗಳು ಬಂದು ಹೋದವು. ರೈಲು ಬಾರದಿದ್ದುದಕ್ಕೆ ಯಾರೂ ಬೆಲೆ ತೆರಲಿಲ್ಲ. ಮಂಗಳೂರು-ಪುತ್ತೂರು ಪ್ಯಾಸೆಂಜರ್ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗೆ ಬರಲು 2025ರ ಎಪ್ರಿಲ್ ತನಕ ಕಾಯಬೇಕಾಯಿತು. ಕಸ್ತೂರಿರಂಗನ್ ವರದಿಯ ವಿಷಯ ನೋಡಿ. ಇಲ್ಲಿನ ರೈತರ ಮುಂದೆ ಎರಡೂ ಪಕ್ಷಗಳು ವಿರೋಧದ ಮಾತನ್ನೇ ಆಡುತ್ತವೆ. ಆದರೆ 2014ರಿಂದ 2024ರ ಮಧ್ಯೆ ಕರಡು ಅಧಿಸೂಚನೆ ಆರು ಬಾರಿ ಹೊರಟಿತು. ಕಾಡನ್ನು ಉಳಿಸುತ್ತಲೇ ಕೃಷಿಕನನ್ನು ಉಳಿಸುವ ಬಗೆ ಯಾವುದೆಂದು ಇಲ್ಲಿಗೆ ಬಂದು ಕುಳಿತು ಚರ್ಚಿಸಿದವರು ವಿರಳ.

ಅಡಿಕೆಗೆ ಹಳದಿ ರೋಗ, ಎಲೆಚುಕ್ಕಿ ರೋಗ ಬಂದಾಗ ತೋಟದ ಮಾಲಕನ ಧರ್ಮ ಯಾವುದೆಂದು ರೋಗ ಕೇಳಲಿಲ್ಲ. 2022ರ ಆಗಸ್ಟ್‌ನಲ್ಲಿ ಇದೇ ಸುಬ್ರಹ್ಮಣ್ಯದಲ್ಲಿ ಗುಡ್ಡ ಕುಸಿದು ಇಬ್ಬರು ಪುಟ್ಟ ಹೆಣ್ಮಕ್ಕಳು ಪ್ರಾಣ ಬಿಟ್ಟರು. 2023ರ ಫೆಬ್ರವರಿಯಲ್ಲಿ ರೆಂಜಿಲಾಡಿಯಲ್ಲಿ ಆನೆ ದಾಳಿಗೆ ಇಬ್ಬರು ಬಲಿಯಾದರು. ಮಳೆಗಾಲದಲ್ಲಿ ಕಾಲುಸಂಕ ದಾಟಿ ಶಾಲೆಗೆ ಹೋಗುವ ಮಗುವಿನ ಭಯಕ್ಕೆ ಜಾತಿಯಿಲ್ಲ. ಆದರೆ ಚುನಾವಣೆ ಬಂದಾಗ ಇವು ಯಾವುವೂ ವಿಷಯವಾಗುವುದಿಲ್ಲ. 2022ರ ಜುಲೈಯಲ್ಲಿ ಬೆಳ್ಳಾರೆ ಪರಿಸರದಲ್ಲಿಯೂ ಸುರತ್ಕಲ್‌ನಲ್ಲಿಯೂ ಒಟ್ಟು ಮೂವರು ಯುವಕರ ಹತ್ಯೆಯಾಯಿತು. ಮೂವರ ತಾಯಂದಿರ ಕಣ್ಣೀರೂ ಒಂದೇ. ಆದರೂ ಅಂದಿನ ಮುಖ್ಯಮಂತ್ರಿ ಒಂದು ಮನೆಗೆ ಹೋದರು, ಉಳಿದೆರಡಕ್ಕೆ ಹೋಗಲಿಲ್ಲ. ಕಣ್ಣೀರನ್ನು ವಿಂಗಡಿಸುವ ಈ ರಾಜಕೀಯ ಯಾರದೇ ಆಗಿರಲಿ, ಅದು ನಮ್ಮ ಊರನ್ನು ಕಟ್ಟುವುದಿಲ್ಲ.

ಹಾಗಾದರೆ ಬದಲಾವಣೆ ಸಾಧ್ಯವೇ? ಅಂಕಿಅಂಶಗಳನ್ನು ಶಾಂತವಾಗಿ ನೋಡೋಣ. ಗೆಲುವಿನ ಅಂತರ 2009ರಲ್ಲಿ ಸುಮಾರು 40 ಸಾವಿರ, 2014ರಲ್ಲಿ 1.43 ಲಕ್ಷ, 2019ರಲ್ಲಿ 2.74 ಲಕ್ಷ. 2024ರಲ್ಲಿ ಅದು 1.49 ಲಕ್ಷಕ್ಕೆ ಇಳಿಯಿತು. ಈ ಅಂತರ ಅಳಿಯಬೇಕಾದರೆ ಸುಮಾರು 75 ಸಾವಿರ ಮಂದಿ ಮನಸ್ಸು ಬದಲಾಯಿಸಬೇಕು. ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ತಲಾ ಒಂಬತ್ತು ಸಾವಿರಕ್ಕಿಂತ ತುಸು ಹೆಚ್ಚು. ಇದು ಸುಲಭವಲ್ಲ, ಅಸಾಧ್ಯವೂ ಅಲ್ಲ. ಆ ಚುನಾವಣೆಯಲ್ಲಿ ನೋಟಾಕ್ಕೆ ಬಿದ್ದ ಮತಗಳೇ 23 ಸಾವಿರಕ್ಕೂ ಮಿಕ್ಕಿದ್ದವು. ಧರ್ಮಸ್ಥಳದ ಬಾಲಕಿಯ ಪ್ರಕರಣದಲ್ಲಿ ನ್ಯಾಯ ಕೇಳಿದವರ ಅಭಿಯಾನ ಅದರ ಹಿಂದಿತ್ತು. ಯಾವ ಪಕ್ಷಕ್ಕೂ ಸೇರದ ನೋವೊಂದು ಈ ಜಿಲ್ಲೆಯಲ್ಲಿ ಮತವಾಗಬಲ್ಲದು ಎಂಬುದಕ್ಕೆ ಇದೇ ಪುರಾವೆ.

ಆದರೆ ಭ್ರಮೆ ಬೇಡ. 2023ರಲ್ಲಿ ಪುತ್ತೂರು ಕಾಂಗ್ರೆಸ್‌ಗೆ ಒಲಿದಾಗ ಹಲವರು ಗಾಳಿ ತಿರುಗಿತೆಂದು ಸಂಭ್ರಮಿಸಿದರು. ವಾಸ್ತವದಲ್ಲಿ ಅಲ್ಲಿ ಬಂಡಾಯ ಅಭ್ಯರ್ಥಿ ಪುತ್ತಿಲ 62 ಸಾವಿರಕ್ಕೂ ಹೆಚ್ಚು ಮತ ಪಡೆದಿದ್ದರು. ಗೆಲುವಿನ ಅಂತರ ಕೇವಲ ನಾಲ್ಕು ಸಾವಿರದಷ್ಟು. ಮರುವರ್ಷ ಲೋಕಸಭಾ ಚುನಾವಣೆಗೆ ಮುನ್ನ ಅವರು ಮಾತೃಪಕ್ಷಕ್ಕೆ ಮರಳಿದರು. ಎದುರಾಳಿಯ ಮನೆಜಗಳವನ್ನೇ ನಂಬಿ ಕುಳಿತವರಿಗೆ ಭವಿಷ್ಯವಿಲ್ಲ.

ಇನ್ನು ನಮ್ಮ ಕಡೆಗೆ ಬೆರಳು ತಿರುಗಿಸೋಣ. 2011ರ ಜನಗಣತಿಯಂತೆ ಜಿಲ್ಲೆಯಲ್ಲಿ ಮುಸ್ಲಿಮರು ಶೇ. 24. ಈ ಸಂಖ್ಯೆಯನ್ನು ಹಿಡಿದು ಒಬ್ಬರು ಇತರರನ್ನು ಹೆದರಿಸುತ್ತಾರೆ, ಇನ್ನೊಬ್ಬರು ನಮ್ಮನ್ನು ಲೆಕ್ಕಕ್ಕೆ ಹಿಡಿದು ಮರೆಯುತ್ತಾರೆ. ಇದರಲ್ಲಿ ನಮ್ಮ ಪಾಲು ಇಲ್ಲವೇ? ಅಭ್ಯರ್ಥಿ ಬಂದಾಗ ನಾವು ಕೇಳುವುದೇನು? ದಫನ ಭೂಮಿಯ ಆವರಣ ಗೋಡೆ, ಮಸೀದಿ ರಸ್ತೆಗೆ ಕಾಂಕ್ರೀಟು. ಕೊಲ್ಲಮೊಗ್ರಿನ ಸೇತುವೆಯ ಬಗ್ಗೆ, ಕಡಬದ ಆಸ್ಪತ್ರೆಯ ಬಗ್ಗೆ, ಆನೆ ತುಳಿದ ನೆರೆಯವನ ತೋಟದ ಪರಿಹಾರದ ಬಗ್ಗೆ ನಾವೆಂದಾದರೂ ಮನವಿ ಹಿಡಿದು ನಿಂತಿದ್ದೇವೆಯೇ? ನೆರೆಯವನ ಸಂಕಟದಲ್ಲಿ ಕಾಣಿಸದವನು ಮತಗಟ್ಟೆಯ ದಿನ ಅವನ ಬೆಂಬಲ ನಿರೀಕ್ಷಿಸುವುದು ಹೇಗೆ? ಆ 75 ಸಾವಿರ ಮನಸ್ಸುಗಳಿರುವುದು ನಮ್ಮ ಮೊಹಲ್ಲಾಗಳಲ್ಲಿ ಅಲ್ಲ, ಪಕ್ಕದ ಅಡಿಕೆ ತೋಟಗಳಲ್ಲಿ.

ಇನ್ನೊಂದು ವಿಷಯ. ನಮ್ಮ ಅನೇಕ ಮನೆಗಳ ಯುವಕರು ಕೊಲ್ಲಿ ರಾಷ್ಟ್ರಗಳಲ್ಲಿದ್ದಾರೆ. ಅನಿವಾಸಿ ಮತದಾರ ಊರಿನ ಮತಗಟ್ಟೆಗೆ ಬಂದೇ ಮತ ಹಾಕಬೇಕು. ಹೀಗಿರುವಾಗ ಊರಿನಲ್ಲಿರುವವರ, ವಿಶೇಷವಾಗಿ ಮಹಿಳೆಯರ ಹೆಸರು ಪಟ್ಟಿಯಲ್ಲಿ ಇದೆಯೇ ಎಂದು ನೋಡುವುದು ಜಮಾಅತ್‌ಗಳ ಹೊಣೆ. ಬಿಹಾರದಲ್ಲಿ 2025ರ ಪರಿಷ್ಕರಣೆಯ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಹೊರಗುಳಿದುದನ್ನು ನಾವು ಕಂಡಿದ್ದೇವೆ. ಮತದಾನದ ದಿನ ಎಚ್ಚರಗೊಂಡರೆ ಪ್ರಯೋಜನವಿಲ್ಲ.

ಬೆಳ್ತಂಗಡಿ ತಾಲೂಕಿನ ಕಾಡಿನ ಮಧ್ಯದ ಬಾಂಜಾರುಮಲೆಯಲ್ಲಿ 2024ರಲ್ಲಿ ಇದ್ದ 111 ಮತದಾರರೂ ಮತ ಚಲಾಯಿಸಿದರು. ದುರ್ಗಮ ಊರಿನ ಆ ಜನ ಪ್ರಜಾಪ್ರಭುತ್ವದ ಮೇಲೆ ಇಟ್ಟ ನಂಬಿಕೆ ದೊಡ್ಡದು. ಪ್ರಜಾಪ್ರಭುತ್ವ ಅವರ ಬಳಿಗೆ ಎಷ್ಟು ದೂರ ನಡೆದು ಹೋಗಿದೆ ಎಂಬುದು ಇನ್ನೂ ಉತ್ತರ ಸಿಗದ ಪ್ರಶ್ನೆ.

ಸಹೋದರರೇ, ಯಾವ ಪಕ್ಷಕ್ಕೆ ಮತ ಹಾಕಬೇಕೆಂದು ಹೇಳಲು ನಾನು ಬಂದಿಲ್ಲ. ಮತವು ಅಮಾನತ್ತು, ಅದು ಸಾಕ್ಷ್ಯ ನುಡಿದಂತೆ. ಭಯದಿಂದಲೋ ದ್ವೇಷದಿಂದಲೋ ಸಾಕ್ಷ್ಯ ನುಡಿಯಬಾರದು. ಮುಂದಿನ ಚುನಾವಣೆಗೆ ಮುನ್ನ ಈ ಮಲೆನಾಡಿನ ಹಿಂದೂ, ಮುಸ್ಲಿಮ್, ಕ್ರೈಸ್ತ ಕೃಷಿಕರೂ ಕಾರ್ಮಿಕರೂ ಒಂದೇ ಬೇಡಿಕೆಪಟ್ಟಿಗೆ ಸಹಿ ಹಾಕಿ ಎಲ್ಲ ಅಭ್ಯರ್ಥಿಗಳ ಮುಂದಿಡಲಿ. ಅಂದು ಗೆದ್ದವರು ಯಾರೇ ಇರಲಿ, ಸುಬ್ರಹ್ಮಣ್ಯದ ಮತದಾರನಿಗೆ ಉತ್ತರ ಕೊಡಬೇಕಾಗುತ್ತದೆ. ಈ ಕ್ಷೇತ್ರದ ನಿಜವಾದ ಬದಲಾವಣೆ ಅಲ್ಲಿಂದಲೇ ಆರಂಭವಾಗುವುದು.