ಸೀಟಿನ ಬಟ್ಟೆಯ ಬೆನ್ನಿಗಂಟಿದ ಸ್ಪಂಜು

(ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನಮ್ಮ ಶಿಬಿರಗಳಲ್ಲಿ ಕಾಡು, ನದಿ, ಅಣೆಕಟ್ಟು, ಗಣಿಗಳ ವಿಚಾರ ಬರುವುದು ವಾಡಿಕೆ. ಈ ಬಾರಿ ಸಂಘಟಕರು ನನಗೆ ಒಪ್ಪಿಸಿರುವುದು ಕಾರು, ಜೀಪುಗಳ ಸೀಟಿನ ಬಟ್ಟೆಯ ವಿಷಯ. ಕೃಷಿ ವಿಜ್ಞಾನ ಓದಿದವರಿಗೂ ಸೀಟಿನ ಬಟ್ಟೆಗೂ ಏನು ಸಂಬಂಧ ಎಂದು ಮುಂದಿನ ಸಾಲಿನ ಹಿರಿಯರು ಮುಗುಳ್ನಗುತ್ತಿರುವುದು ಕಾಣುತ್ತಿದೆ. ಇಲ್ಲಿಗೆ ಬಂದಿರುವ ತರುಣ ತರುಣಿಯರಲ್ಲಿ ಕೆಲವರು ಸೇರಿ ಸೀಟ್ ಕವರ್ ಹೊಲಿಯುವ ಸಣ್ಣ ಘಟಕವೊಂದನ್ನು ತೆರೆಯುವ ಯೋಚನೆಯಲ್ಲಿದ್ದಾರೆ. ಎಳೆದರೆ ಹಿಗ್ಗುವ, ಬೆನ್ನಿಗೆ ಸ್ಪಂಜು ಅಂಟಿಸಿದ ಬಟ್ಟೆಯ ಸುರುಳಿಗಳನ್ನು ಸಾಲವಾಗಿ ಕೊಡಲು ಪೇಟೆಯ ವ್ಯಾಪಾರಿಯೊಬ್ಬರು ಒಪ್ಪಿದ್ದಾರಂತೆ. ಕೊಳ್ಳಬಹುದೇ, ಕೂಡದೇ ಎಂಬುದು ಈ ಮಕ್ಕಳ ಪ್ರಶ್ನೆ. ಹಣ ಅವರದು, ಆದರೆ ಹರಿದ ಸೀಟು ಕೊನೆಗೆ ಬಂದು ಬೀಳುವುದು ನಮ್ಮ ಹಳ್ಳದ ದಂಡೆಗೆ, ತೋಟದ ಬೇಲಿಯ ಬುಡಕ್ಕೆ. ಮಣ್ಣಿನ ವಿಷಯ ಓದಿದವರಿಗೆ ಅಷ್ಟು ಸಂಬಂಧ ಸಾಕು.

ಮೊದಲು ಆ ಬಟ್ಟೆ ಯಾವುದೆಂದು ತಿಳಿಯೋಣ. ಅಂಗಡಿಯಲ್ಲಿ ಅದು ಒಂದೇ ಬಟ್ಟೆಯಂತೆ ಕಂಡರೂ ವಾಸ್ತವವಾಗಿ ಮೂರು ಪದರಗಳ ಕೂಡಿಕೆ. ಮೇಲಿನದು ಪಾಲಿಯೆಸ್ಟರ್ ನೂಲಿನಿಂದ ಹೆಣೆದ ಬಟ್ಟೆ. ನಡುವಿನದು ಕೆಲವೇ ಮಿಲಿಮೀಟರ್ ದಪ್ಪದ ಪಾಲಿಯುರೆಥೇನ್ ಸ್ಪಂಜು. ಕೆಳಗಿನದು ಸೊಳ್ಳೆಪರದೆಯಷ್ಟು ತೆಳುವಾದ ಇನ್ನೊಂದು ಹೆಣಿಗೆ. ಹೊಲಿಗೆಯಂತ್ರದ ಮೇಲೆ ಸ್ಪಂಜು ಕಚ್ಚಿಕೊಳ್ಳದೆ ಜಾರಲಿ ಎಂಬುದು ಅದರ ಉದ್ದೇಶ. ಇಲ್ಲಿ ನೇಯ್ಗೆಗೂ ಹೆಣಿಗೆಗೂ ಇರುವ ಭೇದವನ್ನು ಗಮನಿಸಬೇಕು. ಚಾಪೆಯಲ್ಲಾಗಲಿ, ಪಂಚೆಯಲ್ಲಾಗಲಿ ಎಳೆಗಳು ಅಡ್ಡ ಉದ್ದ ಹಾಯ್ದು ಬಿಗಿಯಾಗಿ ಕುಳಿತಿರುತ್ತವೆ, ಎಳೆದರೆ ಹಿಗ್ಗುವುದಿಲ್ಲ. ಬನಿಯನ್ನಿನಲ್ಲಿಯೂ ಸ್ವೆಟರಿನಲ್ಲಿಯೂ ನೂಲು ಕುಣಿಕೆ ಕುಣಿಕೆಯಾಗಿ ಒಂದರೊಳಗೊಂದು ಸಿಕ್ಕಿಕೊಂಡಿರುತ್ತದೆ. ಎಳೆದಾಗ ಕುಣಿಕೆಗಳು ತೆರೆದುಕೊಂಡು ಬಟ್ಟೆ ಹಿಗ್ಗುತ್ತದೆ. ಉಬ್ಬುತಗ್ಗುಗಳಿರುವ ಇಂದಿನ ಸೀಟಿಗೆ ನೆರಿಗೆಯಿಲ್ಲದೆ ಹೊಂದಿಕೊಳ್ಳಬೇಕಾದರೆ ಈ ಹಿಗ್ಗು ಬೇಕು. ಆದರೆ ಕೇವಲ ಹೆಣಿಗೆಯಾದರೆ ಅದು ಅತಿಯಾಗಿ ಜಗ್ಗಿ ಆಕಾರ ಕಳೆದುಕೊಳ್ಳುತ್ತದೆ. ಅದನ್ನು ಹಿಡಿದಿಡಲು, ಕುಳಿತವರಿಗೆ ಮೆತ್ತಗಿರಲು ಬೆನ್ನಿಗೆ ಸ್ಪಂಜು. ಕಾರಿನ ಒಳಚಾವಣಿಗೆ ಅಂಟಿಸುವುದೂ ಇದೇ ಕುಲದ ಬಟ್ಟೆಯನ್ನು.

ಇವುಗಳ ಚರಿತ್ರೆ ದೀರ್ಘವಾದದ್ದೇನಲ್ಲ. ಪಾಲಿಯೆಸ್ಟರ್ ನೂಲನ್ನು 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನಜ್ಞರು ಕಂಡುಹಿಡಿದರು. ಪಾಲಿಯುರೆಥೇನ್ 1937ರಲ್ಲಿ ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ಒಟ್ಟೊ ಬೇಯರ್ ಎಂಬವರಿಂದ ಬಂದದ್ದು. ನಮ್ಮ ರೈತರಿಗೆ ಕೀಟನಾಶಕದ ಡಬ್ಬಿಯ ಮೇಲಿನ ಬೇಯರ್ ಹೆಸರು ಪರಿಚಿತ. ಈ ಒಟ್ಟೊ ಬೇಯರ್ ಆ ಸಂಸ್ಥಾಪಕರ ವಂಶದವರಲ್ಲ, ಹೆಸರು ಮಾತ್ರ ಒಂದೇ. ಇನ್ನೂ ಹೆಚ್ಚು ಹಿಗ್ಗಲೆಂದು ಕೆಲವು ಬಟ್ಟೆಗಳಿಗೆ ಸೇರಿಸುವ ಸ್ಪ್ಯಾಂಡೆಕ್ಸ್ ಎಳೆಯನ್ನು 1958ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಜೋಸೆಫ್ ಶಿವರ್ಸ್ ರೂಪಿಸಿದರು. ಅದೂ ಪಾಲಿಯುರೆಥೇನೇ, ನೂಲಿನ ರೂಪದಲ್ಲಿ.

ಸ್ಪಂಜು ಉಬ್ಬುವ ಬಗೆ ಸ್ವಾರಸ್ಯಕರವಾದುದು. ಪಾಲಿಯಾಲ್ ಎಂಬ ಮಂದ ದ್ರವ, ಐಸೊಸೈನೇಟ್ ಎಂಬ ತೀಕ್ಷ್ಣ ದ್ರವ, ಜೊತೆಗೆ ತುಸು ನೀರು. ನೀರು ಐಸೊಸೈನೇಟಿನೊಡನೆ ವರ್ತಿಸಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ರಾತ್ರಿ ಹುದುಗು ಬಂದ ದೋಸೆ ಹಿಟ್ಟನ್ನು ಉಬ್ಬಿಸುವುದೂ ಇದೇ ಅನಿಲ. ಹಿಟ್ಟಿಗೆ ರಾತ್ರಿಯಿಡೀ ಬೇಕು, ಸ್ಪಂಜಿಗೆ ಕೆಲವು ನಿಮಿಷ ಸಾಕು. ಹಿಂದೆ ಉಬ್ಬಲು ನೆರವಾಗಲೆಂದು ಸಿಎಫ್‌ಸಿ ಅನಿಲಗಳನ್ನೂ ಬೆರೆಸುತ್ತಿದ್ದರು. ಓಝೋನ್ ಪದರಕ್ಕೆ ಅವು ಮಾಡಿದ ಹಾನಿ ತಿಳಿದ ಮೇಲೆ 1987ರ ಮಾಂಟ್ರಿಯಲ್ ಒಪ್ಪಂದ ಬಂದಿತು. ನಮ್ಮ ದೇಶದ ಸ್ಪಂಜು ಉದ್ಯಮದಲ್ಲಿಯೂ 2010ರ ಹೊತ್ತಿಗೆ ಅವುಗಳ ಬಳಕೆ ನಿಂತಿತು. ಇದನ್ನೇಕೆ ಹೇಳಿದೆನೆಂದರೆ, ಚಳವಳಿಗಳಿಂದ ಏನೂ ಆಗದು ಎನ್ನುವವರು ನಮ್ಮ ನಡುವೆಯೇ ಹಲವರಿದ್ದಾರೆ.

ಐಸೊಸೈನೇಟ್ ಎಂದೊಡನೆ ಭೋಪಾಲ ನೆನಪಾಗುವುದು ಸಹಜ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿ ಸೋರಿದ್ದು ಮೀಥೈಲ್ ಐಸೊಸೈನೇಟ್. ಸ್ಪಂಜಿಗೆ ಬಳಸುವುದು ಬಹುಮಟ್ಟಿಗೆ ಟೊಲ್ಯುಯೀನ್ ಡೈಐಸೊಸೈನೇಟ್. ಕುಲ ಒಂದೇ ಆದರೂ ವಸ್ತು ಬೇರೆ. ಅದರ ಆವಿಯನ್ನು ಉಸಿರಾಡುವ ಕಾರ್ಖಾನೆಯ ಕೆಲಸಗಾರರಿಗೆ ಅಸ್ತಮಾ ಹಿಡಿಯುವುದು ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ತಿಳಿದಿದೆ. ಒಮ್ಮೆ ದೇಹ ಒಗ್ಗದಂತಾದರೆ ಆಮೇಲೆ ಅತ್ಯಲ್ಪ ಪ್ರಮಾಣವೂ ಉಬ್ಬಸ ತರುತ್ತದೆ. ಆದರೆ ತಯಾರಾಗಿ ಆರಿದ ಸ್ಪಂಜಿನಲ್ಲಿ ಅದು ಬಹುತೇಕ ಉಳಿದಿರುವುದಿಲ್ಲ. ಆದುದರಿಂದ ಸೀಟಿನ ಮೇಲೆ ಕುಳಿತರೆ ವಿಷವೇರುತ್ತದೆ ಎಂದು ಕರಪತ್ರ ಬರೆಯಬೇಡಿ. ಸುಳ್ಳು ಭಯ ಹುಟ್ಟಿಸಿದರೆ ನಾಳೆ ನಿಜ ಹೇಳುವಾಗ ಕೇಳುವವರಿರುವುದಿಲ್ಲ.

ಇನ್ನು ನಮ್ಮ ಮಲೆನಾಡಿಗೆ ನೇರವಾಗಿ ತಟ್ಟುವ ವಿಚಾರಕ್ಕೆ ಬರುತ್ತೇನೆ. ಹಳೆಯ ಕಾರಿನ ಚಾವಣಿಯ ಬಟ್ಟೆ ಜೋತುಬಿದ್ದು ತಲೆಗೆ ತಾಗುವುದನ್ನು, ಸೀಟ್ ಕವರ್ ಕಳಚಿದಾಗ ಹಳದಿ ಪುಡಿ ಉದುರುವುದನ್ನು ನೀವೆಲ್ಲ ಬಲ್ಲಿರಿ. ಮೇಲಿನ ಬಟ್ಟೆ ಗಟ್ಟಿಯಾಗಿಯೇ ಇರುತ್ತದೆ, ಬೆನ್ನಿನ ಸ್ಪಂಜು ಮಾತ್ರ ಹಿಟ್ಟಾಗಿರುತ್ತದೆ. ಅಂಟು ಕಳಪೆ ಎಂದು ಕುಶನ್ ಅಂಗಡಿಯವರನ್ನು ಬೈಯುವುದು ರೂಢಿ. ಅನೇಕ ವೇಳೆ ಅಲ್ಲಿ ಅಂಟೇ ಇರುವುದಿಲ್ಲ. ಕಾರ್ಖಾನೆಯಲ್ಲಿ ಸ್ಪಂಜಿನ ಹಾಳೆಯನ್ನು ಅನಿಲದ ಉರಿಯ ಮೇಲೆ ಓಡಿಸುತ್ತಾರೆ. ಅದರ ಮೇಲ್ಮೈ ಕರಗಿ ಜಿಗುಟಾಗುವ ಆ ಕ್ಷಣದಲ್ಲಿ ಬಟ್ಟೆಯನ್ನು ಅದರ ಮೇಲೆ ಉರುಳೆಗಳಿಂದ ಒತ್ತುತ್ತಾರೆ. ಇಲ್ಲಿ ಏಳುವ ಹೊಗೆಯಲ್ಲಿ ಹೈಡ್ರೊಜನ್ ಸಯನೈಡ್ ಹಾಗೂ ಐಸೊಸೈನೇಟ್‌ಗಳು ಇರುವುದರಿಂದ ಹೊಗೆಯನ್ನು ಹೀರಿ ಶುದ್ಧಿಗೊಳಿಸುವ ವ್ಯವಸ್ಥೆ ಕಡ್ಡಾಯವಾಗಿ ಇರಬೇಕಾಗುತ್ತದೆ.

ಈ ವಿಧಾನಕ್ಕೆ ರೂಢಿಯಿಂದ ಬಳಸಿಕೊಂಡು ಬಂದದ್ದು ಎಸ್ಟರ್ ಜಾತಿಯ ಸ್ಪಂಜನ್ನು, ಏಕೆಂದರೆ ಉರಿ ತಾಗಿದೊಡನೆ ಅದು ಚೆನ್ನಾಗಿ ಹಿಡಿಯುತ್ತದೆ. ಸ್ಪಂಜಿನಲ್ಲಿ ಎರಡು ಜಾತಿ: ಪಾಲಿಯಾಲ್ ಎಸ್ಟರ್ ಬಂಧದ್ದಾದರೆ ಒಂದು, ಈಥರ್ ಬಂಧದ್ದಾದರೆ ಇನ್ನೊಂದು. ಎಸ್ಟರ್ ಬಂಧಕ್ಕೆ ನೀರು ಶತ್ರು. ತೇವ ಮತ್ತು ಶಾಖ ಸೇರಿದರೆ ಆ ಬಂಧ ಮುರಿದು ಒಂದು ಕಡೆ ಆಮ್ಲ, ಇನ್ನೊಂದು ಕಡೆ ಆಲ್ಕೊಹಾಲ್ ಆಗುತ್ತದೆ. ಇದಕ್ಕೆ ಜಲವಿಭಜನೆ ಎಂದು ಹೆಸರು. ಹುಟ್ಟಿದ ಆಮ್ಲ ಸುಮ್ಮನಿರದೆ ಪಕ್ಕದ ಬಂಧವನ್ನು ಮುರಿಯಲು ನೆರವಾಗುತ್ತದೆ. ಹಾಗಾಗಿ ಒಮ್ಮೆ ಆರಂಭವಾದ ಕ್ಷಯ ಬರಬರುತ್ತ ವೇಗ ಪಡೆಯುತ್ತದೆ. ತೇವ ತಗುಲಿದ ಕೊಬ್ಬರಿ ಎಣ್ಣೆ ಕಮಟಾಗುವುದರ ಹಿಂದೆಯೂ ಎಸ್ಟರ್ ಬಂಧ ಮುರಿಯುವ ಇದೇ ಕ್ರಿಯೆಗೆ ಪಾಲಿದೆ. ಈಥರ್ ಸ್ಪಂಜು ಈ ವಿಷಯದಲ್ಲಿ ಬಹಳ ಗಟ್ಟಿ.

ಪಾಲಿಯೆಸ್ಟರ್ ನೂಲೂ ಎಸ್ಟರೇ ತಾನೆ, ಅದೇಕೆ ಹಿಟ್ಟಾಗುವುದಿಲ್ಲ ಎಂದು ವಿದ್ಯಾರ್ಥಿಗಳು ಕೇಳಬಹುದು, ಕೇಳಲೇಬೇಕು. ಆ ನೂಲಿನಲ್ಲಿ ಅಣುಸರಪಳಿಗಳು ಒತ್ತೊತ್ತಾಗಿ ಸ್ಫಟಿಕದಂತೆ ಜೋಡಣೆಗೊಂಡಿರುವುದರಿಂದ ಸಾಧಾರಣ ಶಾಖದಲ್ಲಿ ನೀರು ಒಳಹೊಗಲಾರದು. ಸ್ಪಂಜಾದರೋ ಮೈಯೆಲ್ಲ ತೂತು. ತೇವದ ಗಾಳಿ ಅದರ ಪ್ರತಿಯೊಂದು ತೆಳುಗೋಡೆಯನ್ನೂ ತಾಗುತ್ತದೆ. ಆಗುಂಬೆಯಂತಹ ಕಡೆ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಒದ್ದೆ ಕಂಬಳಿ ಹೊದ್ದವರು, ಕೊಡೆ ಮಡಚಿದವರು ಜೀಪು ಹತ್ತಿ ಕುಳಿತು ಇಳಿಯುತ್ತಾರೆ; ಸಂಜೆ ಗಾಜು ಏರಿಸಿ ವಾಹನವನ್ನು ನಿಲ್ಲಿಸುತ್ತಾರೆ. ಮಳೆ ಬಿಟ್ಟ ಮೇಲೆ ಅದೇ ವಾಹನ ಬಿಸಿಲಿನಲ್ಲಿ ಕುಲುಮೆಯಾಗುತ್ತದೆ. ಒಣನಾಡಿನಲ್ಲಿ ಬಾಳಿದ ಬಟ್ಟೆ ಇಲ್ಲಿಯೂ ಅಷ್ಟೇ ಬಾಳುತ್ತದೆಂದು ಖಾತರಿ ಕೊಡುವ ವ್ಯಾಪಾರಿಗೆ ಮಳೆಗಾಲದಲ್ಲಿ ಒಂದು ವಾರ ನಮ್ಮಲ್ಲಿ ಆತಿಥ್ಯ ಕೊಡಬೇಕು.

ಇದನ್ನು ಪರೀಕ್ಷಿಸಲು ದೊಡ್ಡ ಪ್ರಯೋಗಾಲಯ ಬೇಕಾಗಿಲ್ಲ. ಕಾಲೇಜಿನ ಜೀವಶಾಸ್ತ್ರ ವಿಭಾಗದಲ್ಲಿ ಆಟೊಕ್ಲೇವ್ ಇರುತ್ತದೆ. ಒಂದೇ ಅಳತೆಯ ಎರಡು ತುಂಡು ಕತ್ತರಿಸಿ, ಒಂದನ್ನು ಆವಿಯಲ್ಲಿ ಐದು ತಾಸು ಇಡಿ. ಇನ್ನೊಂದನ್ನು ಒಣಗಿದ ಡಬ್ಬಿಯಲ್ಲಿಡಿ. ಮೊದಲನೆಯದನ್ನು ಒಣಗಿಸಿದ ಮೇಲೆ ಎರಡರ ಸ್ಪಂಜನ್ನೂ ಬೆರಳಿನಿಂದ ಉಜ್ಜಿ, ಎಳೆದು ಹೋಲಿಸಿ. ಆವಿಯಲ್ಲಿ ಬೇಯಿಸಿ ನೋಡುವ ಈ ಕ್ರಮ ಸ್ಪಂಜಿನ ಉದ್ಯಮದಲ್ಲಿಯೂ ಬಳಕೆಯಲ್ಲಿದೆ. ಅಡುಗೆಮನೆಯ ಕುಕ್ಕರನ್ನು ಮಾತ್ರ ಇದಕ್ಕೆ ಎತ್ತಿಕೊಂಡು ಹೋಗಬೇಡಿ.

ಬೆಂಕಿಯ ವಿಷಯ. ಸ್ಪಂಜು ತೂತುತೂತಾಗಿ ಗಾಳಿ ತುಂಬಿಕೊಂಡಿರುವುದರಿಂದ ಬೇಗ ಹೊತ್ತುತ್ತದೆ. ಅದರಲ್ಲಿ ಸಾರಜನಕ ಇರುವುದರಿಂದ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡಿನ ಜೊತೆಗೆ ಸಯನೈಡ್ ಇರುತ್ತದೆ. 1979ರಲ್ಲಿ ಮ್ಯಾಂಚೆಸ್ಟರಿನ ವುಲ್‌ವರ್ತ್ಸ್ ಮಳಿಗೆಯಲ್ಲಿ ಸ್ಪಂಜಿನ ಪೀಠೋಪಕರಣಕ್ಕೆ ಬೆಂಕಿ ಹತ್ತಿ 10 ಮಂದಿ ಸತ್ತರು. 1981ರಲ್ಲಿ ಡಬ್ಲಿನ್ನಿನ ಸ್ಟಾರ್‌ಡಸ್ಟ್ ನೃತ್ಯಶಾಲೆಯಲ್ಲಿ 48 ಮಂದಿ ಸತ್ತರು; ಅಲ್ಲಿಯೂ ಉರಿದ ವಸ್ತುಗಳಲ್ಲಿ ಸ್ಪಂಜಿನ ಆಸನಗಳಿದ್ದವು. ಬ್ರಿಟನ್ 1988ರಲ್ಲಿ ಮನೆಬಳಕೆಯ ಪೀಠೋಪಕರಣಗಳಿಗೆ ಕಟ್ಟುನಿಟ್ಟಾದ ನಿಯಮ ತಂದಿತು. ವಾಹನಗಳ ನಿಯಮ ಇಷ್ಟು ಬಿಗಿಯಲ್ಲ. ಅಮೆರಿಕದಲ್ಲಿ 1972ರಿಂದ ಜಾರಿಯಲ್ಲಿರುವ ಮಾನದಂಡದ ಪ್ರಕಾರ ಉರಿ ನಿಮಿಷಕ್ಕೆ 102 ಮಿ.ಮೀ.ಗಿಂತ ವೇಗವಾಗಿ ಹರಡಬಾರದು. ಅಂದರೆ ಎರಡಡಿ ಅಗಲದ ಸೀಟು ಆರು ನಿಮಿಷದಲ್ಲಿ ಪೂರ್ಣ ಉರಿದರೂ ಅದು ಪರೀಕ್ಷೆಯಲ್ಲಿ ತೇರ್ಗಡೆ! ಮೂವತ್ತು ಮಕ್ಕಳು ತುಂಬಿದ ಶಾಲಾ ವ್ಯಾನಿಗೆ ಒಂದೇ ಬಾಗಿಲು ಇರುವಾಗ ಆರು ನಿಮಿಷ ಎಷ್ಟೆಂದು ನೀವೇ ಎಣಿಸಿ.

ಹಾಗಾದರೆ ಉರಿನಿರೋಧಕ ರಾಸಾಯನಿಕ ಬೆರೆಸಬಹುದಲ್ಲವೇ? ಬೆರೆಸಿದರು. ಪೆಂಟಾಬ್ರೊಮೊ ಡೈಫಿನೈಲ್ ಈಥರ್ ಎಂಬುದನ್ನು ಅಮೆರಿಕದಲ್ಲಿ ವರ್ಷಗಟ್ಟಲೆ ಸ್ಪಂಜಿಗೆ ಬೆರೆಸಿದರು. ಅದು ಸ್ಪಂಜಿನಿಂದ ಹೊರಬಿದ್ದು ಮನೆಯ ಧೂಳಿಗೆ, ಅಲ್ಲಿಂದ ತಾಯಿಯ ಎದೆಹಾಲಿಗೆ ಸೇರಿತು. 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಅದನ್ನು ಸೇರಿಸಲಾಯಿತು. ಭಾರತವೂ 2018ರ ನಿಯಮಗಳಲ್ಲಿ ಅದನ್ನು ನಿಷೇಧಿಸಿತು.

ಹರಿದ ಮೇಲೆ ಏನಾಗುತ್ತದೆ? ಬರೀ ಸ್ಪಂಜಾದರೆ ಚೂರುಗಳನ್ನು ಒತ್ತಿ ಅಂಟಿಸಿ ಹಾಸಿಗೆ ಮಾಡುವವರು ಕೊಳ್ಳುತ್ತಾರೆ. ಬರೀ ಪಾಲಿಯೆಸ್ಟರ್ ಆದರೆ ಕರಗಿಸಬಹುದು. ಎರಡನ್ನೂ ಕರಗಿಸಿ ಬೆಸೆದ ಈ ಬಟ್ಟೆಯನ್ನು ಬಿಡಿಸಲು ಸುಲಭದ ದಾರಿಯಿಲ್ಲ, ಗುಜರಿಯವರೂ ಮುಟ್ಟುವುದಿಲ್ಲ. ಆಗ ಉಳಿಯುವುದು ಬೆಂಕಿ ಅಥವಾ ಹಳ್ಳ. ಬಯಲಲ್ಲಿ ಕಸ ಸುಡುವುದಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡ ವಿಧಿಸಿದೆ; ಅಂಗಡಿಯ ಹಿತ್ತಿಲಿನಲ್ಲಿ ಏಳುವ ಕಪ್ಪು ಹೊಗೆಗೆ ಈ ಆದೇಶ ತಿಳಿದಂತಿಲ್ಲ. ಸಸಿಯ ಬುಡದಲ್ಲಿ ತೇವ ನಿಲ್ಲಲೆಂದು ಹಳೆಯ ಸ್ಪಂಜು ಹೂಳುವವರೂ ಇದ್ದಾರೆ. ದಯವಿಟ್ಟು ಬೇಡ. ಅದು ಪುಡಿಯಾಗುತ್ತದೆ, ಗೊಬ್ಬರವಾಗುವುದಿಲ್ಲ. ಪಾಲಿಯುರೆಥೇನ್ ತಿನ್ನುವ ಶಿಲೀಂಧ್ರ ಸಿಕ್ಕಿದೆಯಂತಲ್ಲ ಎಂದು ಪತ್ರಿಕೆ ಓದಿದವರು ಕೇಳುತ್ತಾರೆ. ಸಿಕ್ಕಿದೆ. ಈಕ್ವೆಡಾರಿನ ಮಳೆಕಾಡಿನಿಂದ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಂದ ಪೆಸ್ಟಲೊಟಿಯೊಪ್ಸಿಸ್ ಮೈಕ್ರೊಸ್ಪೋರಾ, 2011ರಲ್ಲಿ ವರದಿಯಾಯಿತು. ಆದರೆ ಅದು ತಿಂದದ್ದು ಪ್ರಯೋಗಾಲಯದಲ್ಲಿ, ನೀರಿನಲ್ಲಿ ಕದಡಿದ ಪಾಲಿಯುರೆಥೇನನ್ನು. ನಮ್ಮ ಹಳ್ಳದ ಸೀಟನ್ನು ಅದು ಬಂದು ತಿನ್ನಲಿ ಎಂದು ಕಾಯುವಂತಿಲ್ಲ.

ಹಾಗಾದರೆ ಹಳೆಯ ಕಾಲದ ಬೂರುಗದ ಹತ್ತಿಗೇ ಹಿಂದಿರುಗೋಣವೇ? ನಾನು ಹಾಗೆನ್ನಲಾರೆ. ಹತ್ತಿ ನಮ್ಮ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಒಣಗಿಸುವ ಬಿಸಿಲೆಲ್ಲಿ? ಕತ್ತದ ನಾರಿಗೆ ರಬ್ಬರಿನ ಹಾಲು ಸಿಂಪಡಿಸಿ ಬೇಯಿಸಿ ಮಾಡುವ ಮೆತ್ತೆ ಬಸ್ಸು, ಕಾರುಗಳಲ್ಲಿ ಬಹುಕಾಲ ಬಳಕೆಯಾಗಿದೆ. ತೆಂಗಿನ ನಾರು ತುಮಕೂರು, ಹಾಸನದ ಕಡೆ ಸಿಗುತ್ತದೆ, ರಬ್ಬರು ಸುಳ್ಯ, ಪುತ್ತೂರಿನಲ್ಲಿಯೇ ಬೆಳೆಯುತ್ತದೆ. ಗಾಳಿ ಆಡುತ್ತದೆ. ಸ್ಪಂಜಿಗಿಂತ ಭಾರ, ಗಡಸು ಎಂಬುದೂ ನಿಜ.

ನನ್ನ ಅಭಿಪ್ರಾಯ ಇಷ್ಟು: ಘಟಕ ತೆರೆಯಿರಿ, ಆದರೆ ಬೆಸೆದ ಬಟ್ಟೆಯನ್ನು ಸಾಲಕ್ಕೆ ತರಬೇಡಿ. ಸ್ಪಂಜಿಲ್ಲದ ಹೆಣಿಗೆಯ ಬಟ್ಟೆಯನ್ನು ತೆಗೆದು ತೊಳೆಯಬಹುದಾದ ಹೊದಿಕೆಯಾಗಿ ಹೊಲಿಯಿರಿ. ಕೆಳಗೆ ಕತ್ತದ ಮೆತ್ತೆಯನ್ನೋ ಈಥರ್ ಸ್ಪಂಜನ್ನೋ ಬೇರೆಯಾಗಿ ಇಡಿ. ಯಾವುದು ಕೆಟ್ಟಿತೋ ಅದನ್ನಷ್ಟೇ ಬದಲಾಯಿಸಿದರೆ ಆಯಿತು. ಆ ದುರಸ್ತಿಯ ಕೆಲಸವೂ ನಿಮಗೇ ಬರುತ್ತದೆ. ಬೆಸೆದ ಬಟ್ಟೆಯೇ ಬೇಕೆಂದು ಗಿರಾಕಿ ಹಟ ಹಿಡಿದರೆ ಸ್ಪಂಜು ಎಸ್ಟರೋ ಈಥರೋ ಎಂದು ವ್ಯಾಪಾರಿಯನ್ನು ಕೇಳಿ. ಉತ್ತರ ಬಾರದಿದ್ದರೆ ಒಂದು ಮೀಟರ್ ಮಾತ್ರ ತಂದು ಆಟೊಕ್ಲೇವಿನಲ್ಲಿಟ್ಟು ನೋಡಿ. ಹತ್ತಿ ದಾರ ತೇವದಲ್ಲಿ ಕೊಳೆಯುವುದರಿಂದ ಪಾಲಿಯೆಸ್ಟರ್ ದಾರ ಬಳಸಿ. ಹೊಲಿಗೆ ತೀರ ಒತ್ತಾದರೆ ಸೂಜಿಯ ತೂತುಗಳ ಸಾಲಿನಲ್ಲಿಯೇ ಬಟ್ಟೆ ಹರಿಯುತ್ತದೆ. ಸ್ಪಂಜನ್ನು ಕಾಯಿಸಿದ ತಂತಿಯಿಂದ ಕತ್ತರಿಸದೆ ಚಾಕುವಿನಿಂದ ಕತ್ತರಿಸಿ, ಹೊಗೆಯಿರುವುದಿಲ್ಲ. ಹಳೆಯ ಸೀಟು ಬಿಚ್ಚುವಾಗ ಮೂಗು ಬಾಯಿ ಮುಚ್ಚಿಕೊಂಡು, ಹಳದಿ ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ಚೀಲಕ್ಕೆ ತುಂಬಿ. ಸ್ಪಂಜಿನ ಚೂರು ಒಂದು ಚೀಲದಲ್ಲಿ, ಬಟ್ಟೆಯ ಚೂರು ಇನ್ನೊಂದರಲ್ಲಿ, ಎರಡೂ ಅಟ್ಟದ ಮೇಲೆ ಒಣಗಿರಲಿ. ಒದ್ದೆಯಾದ ಸ್ಪಂಜಿಗೆ ಕೊಳ್ಳುವವರು ಬೆಲೆ ಕಟ್ಟುವುದಿಲ್ಲ.